ಪಂಚವೀಸ ಅಂದರೆ 52

ದೀಪಾವಳಿ ಸೂಟಿಯಲ್ಲಿ ಸಾಂಗಲಿಗೆ ಹೋಗಿದ್ದೆ. ಅಥಣಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಪರಿಚಯದವರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಗಳು ಮರಾಠಿ ಶಾಲೆಯಲ್ಲಿ ಎರಡನೇ ಇಯತ್ತೆ. ಚಕ್ಕುಲಿ ತಟ್ಟೆಯ ಜೊತೆಗೇ ತಾಯಿ ಮಗಳ ನೋಟ್‌ಬುಕ್ಕನ್ನೂ ತಂದಿಟ್ಟರು. ಹತ್ತು ಸಂಖ್ಯೆಗಳ ಉಕ್ತಲೇಖನ. ನಾಲ್ಕು ಸರಿ, ಆರು ತಪ್ಪು. ಕೆಳಗೆ ಕೆಂಪು ಶಾಯಿಯಲ್ಲಿ ಮರಾಠಿ ಷರಾ: ಗಣಿತ ಕಚ್ಚಾ ಇದೆ, ಮನೆಯಲ್ಲಿ ಲಕ್ಷ್ಯ ಕೊಡಿ.

“ಇಕಿಗೆ ಲೆಕ್ಕ ತಲಿಗೇ ಹತ್ತವಲ್ದು ನೋಡ್ರಿ. ಡಾಕ್ಟರಿಗೆ ತೋರಸಬೇಕೇನ್ರಿ?”

ತಪ್ಪುಗಳನ್ನು ಒಂದೊಂದಾಗಿ ಓದಿದೆ. ಪಂಚವೀಸ ಅಂದಲ್ಲಿ 52. ಬಾವನ್ನ ಅಂದಲ್ಲಿ 25. ತೇವೀಸಕ್ಕೆ 32, ಛತ್ತೀಸಕ್ಕೆ 63, ಅಠ್ಠೇಚಾಳೀಸಕ್ಕೆ 84. ಏಕೋಣತೀಸಕ್ಕೆ 13. ಸರಿ ಬಂದವು ಯಾವವು? ವೀಸ, ಚಾಳೀಸ, ಅಕರಾ, ಚವ್ವೇಚಾಳೀಸ. ಅಂದರೆ 20, 40, 11, 44. ಎರಡು ದುಂಡು ಸಂಖ್ಯೆ, ಇನ್ನೆರಡು ಹಿಂದುಮುಂದಾದರೂ ಕೆಡದವು.

ಅದೇ ಹತ್ತನ್ನು ನಾನು ಕನ್ನಡದಲ್ಲಿ ಹೇಳಿದೆ. ಹುಡುಗಿ ಚಕ್ಕುಲಿ ಕಡಿಯುತ್ತಲೇ ಬರೆದಳು. ಹತ್ತೂ ಸರಿ.

ಈ ಮಗುವಿಗೆ ಲೆಕ್ಕ ಬರುತ್ತದೆ. ಎಷ್ಟು ಚೆನ್ನಾಗಿ ಬರುತ್ತದೆಂದರೆ, ತಪ್ಪು ಮಾಡುವಾಗಲೂ ನಿಯಮ ಬಿಟ್ಟು ತಪ್ಪು ಮಾಡಿಲ್ಲ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಪೆನ್ಸಿಲ್ ನಡೆಯುತ್ತದೆ, 25 ತಾನಾಗಿ ಬೀಳುತ್ತದೆ. ಹದಿಮೂರು, ಹದಿನೈದು ಕೂಡ ಹತ್ತರಿಂದಲೇ ಶುರು. ಮರಾಠಿಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ: ಪಂಚ, ನಂತರ ವೀಸ. ಹುಡುಗಿ ‘ಪಂಚ’ ಕೇಳಿದ ಕೂಡಲೇ 5 ಬರೆದಳು, ‘ವೀಸ’ ಕೇಳಿ 2 ಬರೆದಳು. ಏಕೋಣತೀಸ ಇನ್ನೂ ಗಡಚು. ಮೂವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥ ಆ ಶಬ್ದದೊಳಗೆ ಮಡಿಚಿಟ್ಟಿದೆ. ಅದು ಗೊತ್ತಿಲ್ಲದ ಮಗುವಿಗೆ ಕೇಳುವುದು ಏಕ ಮತ್ತು ತೀಸ. ಆದ್ದರಿಂದ 13.

ಮರಾಠಿ ಮಕ್ಕಳಿಗೂ ಇದು ಸುಲಭವಲ್ಲ ಎಂಬುದು ಮರಾಠಿ ಗಣಿತಜ್ಞರಿಗೇ ಗೊತ್ತು. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಹೊರತಂದ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ಬಾವೀಸ ಎನ್ನುವುದನ್ನು ‘ವೀಸ ದೋನ’ ಎಂದು ಓದಿಸುವ ಹೊಸ ರೀತಿ ಬಂತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು ಮಂಗಳಾ ನಾರ್ಳೀಕರ್. ಶಬ್ದದ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು, ಜೊತೆಗೆ ನಾಲಿಗೆ ಹೊರಳದ ಜೋಡಕ್ಷರ, ಇವುಗಳಿಂದ ಮಗು ಗಣಿತಕ್ಕೇ ಹೆದರುತ್ತದೆ ಎಂಬುದು ಅವರ ವಾದ. ಮಹಾರಾಷ್ಟ್ರದಲ್ಲಿ ದೊಡ್ಡ ಗದ್ದಲವಾಯಿತು. ಭಾಷೆ ಕೆಡಿಸುತ್ತಾರೆ ಎಂದರು, ವಿಧಾನಸಭೆಯಲ್ಲಿ ನಗೆಚಾಟಿಕೆ ನಡೆಯಿತು. ದಕ್ಷಿಣದ ಭಾಷೆಗಳಲ್ಲಿ ಸಂಖ್ಯೆ ಹೀಗೇ ನೇರವಾಗಿದೆ ಎಂಬ ಮಾತೂ ಆ ಚರ್ಚೆಯಲ್ಲಿ ಬಂದುಹೋಯಿತು. ಆದರೆ ಅಂಥ ದಕ್ಷಿಣದ ಭಾಷೆಯೊಂದನ್ನು ಬಾಯಲ್ಲಿಟ್ಟುಕೊಂಡು ಮರಾಠಿ ವರ್ಗದಲ್ಲಿ ಕೂತ ಸಾಂಗಲಿ–ಮಿರಜದ ಮಕ್ಕಳ ಗತಿ ಏನು ಎಂದು ಕೇಳಿದವರಿಲ್ಲ. ಜರ್ಮನ್ ಭಾಷೆಯಲ್ಲೂ ಬಿಡಿಯೇ ಮೊದಲು. ಆಸ್ಟ್ರಿಯಾದ ಒಂದನೇ ತರಗತಿಯ ಮಕ್ಕಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೇಳಿದ ಸಂಖ್ಯೆಯನ್ನು ಅಂಕಿಯಲ್ಲಿ ಬರೆಯುವಾಗ ಆದ ತಪ್ಪುಗಳಲ್ಲಿ ಹತ್ತಿರಹತ್ತಿರ ಅರ್ಧ ಈ ಹಿಂದುಮುಂದಿನವೇ ಆಗಿದ್ದವು.

ನಮ್ಮ ಸಂಖ್ಯೆಗಳೇನು ಅಪ್ಪಟ ಬಂಗಾರ ಎಂದು ಹೇಳುತ್ತಿಲ್ಲ. ಎಪ್ಪತ್ತು, ಎಂಬತ್ತು ಎಷ್ಟು ಮಕ್ಕಳನ್ನು ಅಳಿಸಿವೆ! ಒಂಬತ್ತು, ತೊಂಬತ್ತು, ಒಂಬೈನೂರು ಕೇಳಿ ಕಕ್ಕಾಬಿಕ್ಕಿಯಾದವರಲ್ಲಿ ನಾನೂ ಒಬ್ಬ. ನೂರಾ ಇಪ್ಪತ್ತೈದು ಬರಿ ಅಂದರೆ 10025 ಬರೆಯುವ ಕೂಸು ಪ್ರತಿ ಕನ್ನಡ ಶಾಲೆಯಲ್ಲೂ ಇದೆ. ಸಾಂಗಲಿಯಲ್ಲಿ ಇದರ ಮೇಲೆ ಇನ್ನೊಂದು ಹೊರೆ. ಮನೆಯಲ್ಲಿ ಅವ್ವ ಹೇಳಿಕೊಟ್ಟ ಮಗ್ಗಿ ‘ಎರಡೊಂದ್ಲೆ ಎರಡು’. ಶಾಲೆಯಲ್ಲಿ ‘ಬೇ ಏಕೇ ಬೇ, ಬೇ ದುಣೇ ಚಾರ’. ಎರಡಕ್ಕೆ ದೋನ ಎಂದು ಈಗಷ್ಟೇ ಕಲಿತ ಮಗು, ಈ ‘ಬೇ’ ಯಾರು ಎಂದು ಯಾರನ್ನು ಕೇಳಬೇಕು? ಅಂಕಿಗಳೂ ಮೂರು ನಮೂನೆ. ದೇವನಾಗರಿಯ ಒಂದು ನೋಡಲು 9ರ ತಮ್ಮ, ದೇವನಾಗರಿಯ ಐದು 4ರ ಅಣ್ಣ, ಕನ್ನಡದ ಒಂದು ಬಾಯಿಬಿಟ್ಟ ಸೊನ್ನೆ. ಇಷ್ಟನ್ನೂ ಏಳು ವರ್ಷದ ಮಗು ಕಲಿಯುತ್ತದೆ, ಸ್ವಲ್ಪ ತಡವಾಗಿ. ಆ ತಡವನ್ನೇ ಕಾಯಿಲೆ ಎಂದು ಕರೆದರೆ ತಪ್ಪು ನಮ್ಮದು.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಭಾಷಾಭಿಮಾನದ ಇನ್ನೊಂದು ಸಂಪಾದಕೀಯ ಆದೀತು. ನನ್ನ ನಿಜವಾದ ಆತಂಕ ಇನ್ನೊಬ್ಬ ಮಗುವಿನದು.

ಜತ್ತ ತಾಲೂಕಿನ ಒಂದು ಕನ್ನಡ ಮಾಧ್ಯಮದ ಶಾಲೆ. ಹುಡುಗ ಮೂರನೇ ಇಯತ್ತೆ. ಅಪ್ಪ–ಅವ್ವ ಕಬ್ಬಿನ ಗ್ಯಾಂಗಿಗೆ ಹೋಗುತ್ತಾರೆ, ದಸರಾ ಮುಗಿದರೆ ಮನೆಗೆ ಬೀಗ. ಹುಡುಗ ಆಯಿಯ, ಅಂದರೆ ಅಜ್ಜಿಯ, ಹತ್ತಿರ. ಆಯಿಗೆ ಬಸ್‌ಸ್ಟ್ಯಾಂಡಿನ ಬಾಜೂಕೆ ಸಣ್ಣ ಕಿರಾಣಿ ಅಂಗಡಿ. ಕನ್ನಡ ಪಾಠ ಓದು ಅಂದರೆ ಹುಡುಗ ನೀರು ಕುಡಿದಂತೆ ಓದುತ್ತಾನೆ. ಓದಿದ್ದನ್ನು ಕೈ ಆಡಿಸುತ್ತ ಕತೆ ಮಾಡಿ ಹೇಳುತ್ತಾನೆ. ಕಿವಿ ಚುರುಕು, ಕಣ್ಣು ಚುರುಕು. ಎರಡರ ಮಗ್ಗಿಯಿಂದ ಹತ್ತರ ಮಗ್ಗಿವರೆಗೆ ರಾಗವಾಗಿ ಒಪ್ಪಿಸುತ್ತಾನೆ. ನಡುವೆ ತಡೆದು “ಐದನಾಲ್ಕ್ಲೆ ಎಷ್ಟೋ?” ಅಂದರೆ ಮತ್ತೆ ‘ಐದೊಂದ್ಲೆ’ಯಿಂದ ಹೊರಡಬೇಕು, ಮುಟ್ಟುವಷ್ಟರಲ್ಲಿ ಪ್ರಶ್ನೆಯೇ ಮರೆತಿರುತ್ತದೆ.

ಅಂಗೈಯಲ್ಲಿ ನಾಲ್ಕು ಹುಣಸೆ ಬೀಜ ಇಟ್ಟು, ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿ ಮುಷ್ಟಿ ಮುಚ್ಚಿದೆ. ಎಷ್ಟು? ಬಾಜೂಕೆ ಕೂತ ಒಂದನೇ ಇಯತ್ತೆಯ ಹುಡುಗಿ “ನಾಕ” ಎಂದು ಕೂಗಿದಳು. ಮೂರು ನಾಲ್ಕು ವಸ್ತುಗಳನ್ನು ಮನುಷ್ಯ ಎಣಿಸುವುದಿಲ್ಲ, ನೋಡಿದೊಡನೆ ತಿಳಿಯುತ್ತಾನೆ. ಈ ಹುಡುಗ ಮುಷ್ಟಿ ಬಿಚ್ಚಿಸಿ, ಒಂದೊಂದು ಬೀಜವನ್ನೂ ಬೆರಳಿನಿಂದ ಒತ್ತಿ ಎಣಿಸಿದ. ಅದೇ ಬೀಜಗಳ ಮೇಲೆ ಇನ್ನೆರಡು ಇಟ್ಟೆ. ನಾಲ್ಕರ ಮುಂದೆ ಐದು, ಆರು ಎನ್ನಲಿಲ್ಲ. ಮತ್ತೆ ಒಂದರಿಂದ. ಬೀಜಗಳ ಜಾಗ ಸರಿಸಿ ಹರಡಿದೆ. ಮತ್ತೆ ಒಂದರಿಂದ. ಎಂಟು ದೊಡ್ಡದೋ ಐದು ದೊಡ್ಡದೋ ಎಂದಾಗ ನನ್ನ ಮುಖ ನೋಡಿದ. ಉತ್ತರ ನನ್ನ ಮುಖದ ಮೇಲೆ ಬರೆದಿದೆ ಎಂದು ಅವನಿಗೆ ಮೂರು ವರ್ಷದ ಶಾಲೆ ಕಲಿಸಿತ್ತು.

ಮಾಸ್ತರರನ್ನು ಕೇಳಿದರೆ, “ಅವರ ಅಪ್ಪ–ಅವ್ವ ಇಲ್ಲರಿ, ಹೋದ ವರ್ಷ ನಾಕ ತಿಂಗಳ ಹುಡುಗನ್ನೂ ಕರಕೊಂಡ ಹೋಗಿದ್ರು.” ನಿಜ. ಊರಿನವರನ್ನು ಕೇಳಿದರೆ, “ಕನ್ನಡ ಬರಲಾರದ ಮಾಸ್ತರ ಬಂದಿದ್ರು, ಯಾರಿಗೂ ಏನೂ ತಿಳೀಲಿಲ್ಲ.” ಅದೂ ನಿಜ. 2024ರಲ್ಲಿ ಸಾಂಗಲಿ ಜಿಲ್ಲೆಯ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಪತ್ರಿಕೆಗಳಲ್ಲಿ ಬಂದದ್ದೇ, ಕರ್ನಾಟಕದಿಂದ ಆಕ್ಷೇಪದ ಪತ್ರ ಹೋದದ್ದೇ. ಹೀಗೆ ಹುಡುಗನ ಸುತ್ತ ಎಲ್ಲ ಕಾರಣಗಳೂ ನಿಜ, ಎಲ್ಲವೂ ಕಣ್ಣಿಗೆ ಕಾಣುವಂಥವು. ಆ ಕಾರಣಗಳ ಹಿಂದೆ ಹುಡುಗನೇ ಕಾಣದಾಗಿದ್ದಾನೆ.

ಕಂಡವಳು ಒಬ್ಬಳೇ, ಆಯಿ. “ಅವನ್ನ ಗಲ್ಲಾದ ಮ್ಯಾಲ ಕೂಡ್ಸಂಗಿಲ್ರಿ. ಅವನಕಿಂತ ಸಣ್ಣಾಂವ, ನನ್ನ ಮಗಳ ಮಗ, ಹತ್ತ ರೂಪಾಯಿ ಕೊಟ್ರ ಮೂರ ತಿರುಗಿ ಕೊಡ್ತಾನ. ಇಂವ ಮುಷ್ಟಿ ತುಂಬ ಕೊಟ್ಟ ಬಿಡ್ತಾನ.” ಎಷ್ಟು ದಿನದಿಂದ ಹೀಗೆ ಎಂದೆ. “ಬಾಲವಾಡಿಗೆ ಹೋಗಾಗಿಂದ” ಅಂದಳು. ಶಾಲೆಗೆ ಮೂರು ವರ್ಷದಲ್ಲಿ ತಿಳಿಯದ್ದು ಅಂಗಡಿಗೆ ಐದು ವರ್ಷದ ಹಿಂದೆಯೇ ತಿಳಿದಿತ್ತು.

ಆಯಿಯ ಮಾತಿನ ತೂಕ ತಿಳಿಯಲು ಒಂದು ಸಂಶೋಧನೆ ನೆನೆಯಬೇಕು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಲೆಕ್ಕವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಪರೀಕ್ಷಿಸಿದರು. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ಗಿರಾಕಿಯ ಎದುರು ಮಾಲಿನ ಬೆಲೆ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕ ಕೊಟ್ಟರೆ ಎಡವಿದರು. ಶಾಲೆಯ ಮಕ್ಕಳು ಮಾರುಕಟ್ಟೆ ಲೆಕ್ಕದಲ್ಲಿ ಎಡವಿದರು. ಅಂದರೆ ಪಾಟಿಯ ಮೇಲೆ ಸೋತ ಮಗು ಗಲ್ಲಾದ ಮೇಲೆ ಗೆಲ್ಲಬಹುದು. ಹಾಗೆ ಗೆದ್ದರೆ ಕೊರತೆ ಕಲಿಸುವುದರಲ್ಲಿದೆ. ಪಾಟಿ, ಗಲ್ಲಾ ಎರಡೂ ಕಡೆ ಸೋಲುತ್ತಿದ್ದರೆ? ಕನ್ನಡದಲ್ಲೂ ಮರಾಠಿಯಲ್ಲೂ ಸೋಲುತ್ತಿದ್ದರೆ? ಆಗ ಗಂಟೆ ಬಾರಿಸಬೇಕು.

ಹೀಗೆ ಎಲ್ಲೆಡೆಯೂ ಲೆಕ್ಕ ಹತ್ತದ ತೊಂದರೆಗೆ ಡಿಸ್ಕ್ಯಾಲ್ಕ್ಯುಲಿಯಾ ಎಂದು ಹೆಸರು. ಸ್ಲೋವಾಕಿಯಾದ ಮನಶ್ಶಾಸ್ತ್ರಜ್ಞ ಲಾಡಿಸ್ಲಾವ್ ಕೋಷ್ಚ್ 1974ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದ. ಬ್ರಿಟನ್ನಿನ ಬ್ರಯಾನ್ ಬಟರ್‌ವರ್ತ್ ಚುಕ್ಕೆ ಎಣಿಸುವ, ದೊಡ್ಡ–ಸಣ್ಣ ಸಂಖ್ಯೆ ಹೋಲಿಸುವ ಪರೀಕ್ಷೆಗಳನ್ನು ರೂಪಿಸಿದ. ನಾನು ಹುಣಸೆ ಬೀಜದಲ್ಲಿ ಮಾಡಿದ್ದು ಅದರ ಹಳ್ಳಿ ರೂಪ. ಬೇರೆ ಬೇರೆ ದೇಶಗಳ ಅಂದಾಜು ನೂರಕ್ಕೆ ಮೂರರಿಂದ ಏಳು ಮಕ್ಕಳಿಗೆ ಈ ತೊಂದರೆ ಇದೆ ಎನ್ನುತ್ತದೆ. ಮೂವತ್ತು ಮಕ್ಕಳ ವರ್ಗದಲ್ಲಿ ಒಬ್ಬರೋ ಇಬ್ಬರೋ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಓದಿನಲ್ಲಿ ಮುಂದಿರುವ ಮಗುವಿಗೂ ಇರಬಹುದು, ಓದು–ಲೆಕ್ಕ ಎರಡರಲ್ಲೂ ತೊಡಕಿರುವ ಮಕ್ಕಳೂ ಸಾಕಷ್ಟು. ಸಂಖ್ಯೆಯ ‘ಎಷ್ಟುತನ’ವೇ ಮನಸ್ಸಿಗೆ ಇಳಿಯದಿರುವುದು ಇದರ ಮೂಲ. ಎಂಟು ಎಂಬುದು ಅವನಿಗೆ ಮಗ್ಗಿಯಲ್ಲಿ ಬರುವ ಒಂದು ಶಬ್ದ, ಅಷ್ಟೇ. ಎಂಟು ಎಷ್ಟು ಎಂಬುದು ಒಳಗೆ ಕೂತಿಲ್ಲ. ಗಡಿಯಾರ ನೋಡಲು ಬರದಿರುವುದು, ನಾಡಿದ್ದು ಎಂದರೆ ಎಷ್ಟು ದಿನ ಎಂದು ತಿಳಿಯದಿರುವುದು, ಬಸ್ಸಿನ ನಂಬರ್ ನೆನಪು ನಿಲ್ಲದಿರುವುದು, ಎಂಟು ವರ್ಷವಾದರೂ ಸಣ್ಣ ಕೂಡಿಸುವ ಲೆಕ್ಕಕ್ಕೆ ಬೆರಳೇ ಬೇಕಾಗುವುದು, ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಬೆರಳಿನ ಬಗ್ಗೆ ಒಂದು ಮಾತು: ಬೆರಳು ಎಣಿಸುವುದು ಪಾಪವಲ್ಲ. ಆರು–ಏಳು ವರ್ಷಕ್ಕೆ ಎಲ್ಲ ಮಕ್ಕಳೂ ಎಣಿಸುತ್ತಾರೆ, ಎಣಿಸಲೇಬೇಕು. ಮೇಜಿನ ಕೆಳಗೆ ಬಚ್ಚಿಟ್ಟುಕೊಂಡು ಎಣಿಸುವಂತೆ ಹೆದರಿಸಿದವರು ನಾವು. ಹೀಗಾಗಿ ಯಾರು ಇನ್ನೂ ಎಣಿಸುತ್ತಿದ್ದಾರೆ ಎಂಬುದೇ ಗೊತ್ತಾಗದಂತೆ ಮಾಡಿಕೊಂಡಿದ್ದೇವೆ.

ಹಾಗೆಂದು ಲೆಕ್ಕ ಬಾರದವರಿಗೆಲ್ಲ ಈ ಹೆಸರು ಅಂಟಿಸುವ ಹಾಗೂ ಇಲ್ಲ. 2024ರ ಅಸರ್ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಿದವರು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳ ಮಿದುಳಿನಲ್ಲಿ ದೋಷವಿದೆಯೇ? ಇಲ್ಲ, ಅವರಿಗೆ ಸರಿಯಾಗಿ ಕಲಿಸಿಲ್ಲ. ಆ ಎರಡು ಪಾಲಿನ ಗುಂಪಿನೊಳಗೇ ನಮ್ಮ ಜತ್ತದ ಹುಡುಗನೂ ನಿಂತಿದ್ದಾನೆ. ಎಲ್ಲರಿಗೂ ಬಾರದ ಕಡೆ ಒಬ್ಬನಿಗೆ ಬಾರದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳ್ಳೆಯ ಶಾಲೆಯಲ್ಲಿ ಇಂಥ ಮಗು ಬೇಗ ಕಾಣುತ್ತದೆ, ಸೊರಗಿದ ಶಾಲೆಯಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಎರಡನೆಯದರಲ್ಲೇ ಹುಡುಕುವ ಅವಸರ ಹೆಚ್ಚು.

ಕಾನೂನು ಹಿಂದೆ ಬಿದ್ದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿಕೊಂಡಿತು, ಅದರ ವಿವರಣೆಯಲ್ಲಿ ಡಿಸ್ಕ್ಯಾಲ್ಕ್ಯುಲಿಯಾ ಎಂದು ಹೆಸರು ಹಿಡಿದೇ ಬರೆದಿದೆ. 1995ರ ಹಳೆಯ ಕಾಯ್ದೆಯಲ್ಲಿ ಅದಿರಲಿಲ್ಲ. 2018ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಹೇಳಿದ್ದು ಇಷ್ಟು: ಪ್ರತಿ ಶಾಲೆಯಲ್ಲೂ ಮುಖ್ಯಾಧ್ಯಾಪಕರ ಕೆಳಗೆ ಒಂದು ತಪಾಸಣಾ ಸಮಿತಿ ಇರಬೇಕು. ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದಲೋ ಆಗ, ಶಿಕ್ಷಕರು ಮಕ್ಕಳನ್ನು ಪರೀಕ್ಷಿಸಬೇಕು. ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ, ಮತ್ತೆ 14ಕ್ಕೆ, 18ಕ್ಕೆ ಪುನಃ ತಪಾಸಣೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹಲ್ಲು, ಕಣ್ಣು, ತೂಕ ನೋಡಿ ಹೋಗುತ್ತದಲ್ಲ, ಅದರ ಪಟ್ಟಿಯಲ್ಲೂ ಕಲಿಕೆಯ ತೊಂದರೆ ಇದೆ. ಹಲ್ಲಿನಷ್ಟು ಸುಲಭವಾಗಿ ಕಾಣುವುದಿಲ್ಲ, ಅಷ್ಟೇ.

ಮಹಾರಾಷ್ಟ್ರದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಕಲಿಕಾ ನ್ಯೂನತೆಯ ಮಕ್ಕಳಿಗೆ ಎಸ್ಸೆಸ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವುದನ್ನು ಈ ರಾಜ್ಯ 1996ರಲ್ಲೇ ಆರಂಭಿಸಿತು, ದೇಶ ಕಣ್ಣುಬಿಡುವ ಮುಂಚೆ. ಲೆಕ್ಕದ ತೊಂದರೆ ಇರುವ ಮಗು ಹತ್ತನೆಯ ಇಯತ್ತೆಯ ಬೀಜಗಣಿತ–ಭೂಮಿತಿಯ ಬದಲು ಏಳನೆಯ ಇಯತ್ತೆಯ ಗಣಿತ ಬರೆಯುವ ಅನುಕೂಲವೂ ಅದರಲ್ಲಿತ್ತು. ಆದರೆ ಇದರ ಲಾಭ ಪಡೆದವರು ಯಾರು? ಮುಂಬೈ–ಪುಣೆಯ ಇಂಗ್ಲಿಷ್ ಬಲ್ಲ ಮನೆಗಳು ಎಂದು ಊಹಿಸಲು ಸಂಶೋಧನೆ ಬೇಕಿಲ್ಲ. ಆರು ವರ್ಷಕ್ಕೆ ಹುಟ್ಟಿದ ಗೋಳಿಗೆ ಹದಿನಾರಕ್ಕೆ ರಿಯಾಯಿತಿ. ನಡುವಿನ ಹತ್ತು ವರ್ಷದಲ್ಲಿ ಆ ಮಗು ‘ದಡ್ಡ’ ಎಂದು ಕರೆಸಿಕೊಂಡಿರುತ್ತದೆ, ತಾನೂ ಅದನ್ನೇ ನಂಬಿರುತ್ತದೆ, ಬಹಳ ಸಲ ಶಾಲೆಯನ್ನೇ ಬಿಟ್ಟಿರುತ್ತದೆ.

ಈಗ ನಮ್ಮ ಊರುಗಳ ಗಂಟು. ಪರೀಕ್ಷೆಯ ಸಾಧನಗಳು ಯಾವ ಭಾಷೆಯಲ್ಲಿವೆ? ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಸಾಧನ ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್‌ಗಳಲ್ಲಿದೆ. ಸಾಂಗಲಿಗೆ ಹೇಳಿ ಮಾಡಿಸಿದ ಜೋಡಿ. ಆದರೆ ಅದು ಓದಿನ ತೊಂದರೆಗೆ, ಲೆಕ್ಕದ್ದಕ್ಕಲ್ಲ. ಲೆಕ್ಕಕ್ಕೆ ಭಾಷೆ ಬೇಕಿಲ್ಲ, ಅಂಕಿ ಎಲ್ಲ ಕಡೆ ಒಂದೇ ಎಂಬ ಭ್ರಮೆ ಪರೀಕ್ಷಿಸುವವರಿಗೂ ಇದೆ. ಪಂಚವೀಸಕ್ಕೆ 52 ಬರೆದ ಹುಡುಗಿಯ ಮುಂದೆ ಆ ಭ್ರಮೆ ಎಷ್ಟು ಹೊತ್ತು ನಿಲ್ಲುತ್ತದೆ?

ಆದ್ದರಿಂದ ಈ ಸೂಟಿ ಮುಗಿದು ಸಂಕ್ರಾಂತಿ ಬರುವುದರೊಳಗೆ, ಸಾಂಗಲಿ–ಮಿರಜ–ಕುಪವಾಡ ನಗರದ ಮರಾಠಿ ಶಾಲೆಗಳಲ್ಲೂ ಜತ್ತ, ಮಿರಜ ತಾಲೂಕುಗಳ ಕನ್ನಡ ಮನೆಗಳ ಮಕ್ಕಳಿರುವ ಶಾಲೆಗಳಲ್ಲೂ ಎರಡನೇ–ಮೂರನೇ ಇಯತ್ತೆಯ ಪ್ರತಿ ಮಗುವಿನೊಡನೆ ಯಾರಾದರೂ ಹತ್ತು ನಿಮಿಷ ಕೂರಬೇಕು. ಕಾಸಿನ ಖರ್ಚಿಲ್ಲ. ಒಂದು ಮುಷ್ಟಿ ಬೀಜ, ಒಂದಿಷ್ಟು ಚಿಲ್ಲರೆ, ಒಂದು ಪಾಟಿ. ಮೊದಲು ಮನೆಮಾತಿನಲ್ಲಿ ಕೇಳಿ, ಆಮೇಲೆ ಶಾಲೆಯ ಮಾತಿನಲ್ಲಿ. ಮನೆಮಾತು ಬಾರದ ಮಾಸ್ತರರು ಐದನೇ ಇಯತ್ತೆಯ ದೊಡ್ಡ ಹುಡುಗಿಯನ್ನೋ ಬಿಸಿಯೂಟದ ಬಾಯಿಯನ್ನೋ ಕರೆಯಲಿ, ನಾಚಿಕೆ ಬೇಡ. ಅಂಕ ಹಾಕಬೇಡಿ. ಮಗು ಹೇಗೆ ಉತ್ತರಕ್ಕೆ ಬಂತು ಎಂಬುದನ್ನು ಬರೆದಿಡಿ: ನೋಡಿ ಹೇಳಿತೋ, ಎಣಿಸಿ ಹೇಳಿತೋ, ಒಂದರಿಂದ ಎಣಿಸಿತೋ, ನಿಮ್ಮ ಮುಖ ನೋಡಿತೋ. ಕಣ್ಣು–ಕಿವಿ ಪರೀಕ್ಷೆ ಆಗಿದೆಯೇ ಕೇಳಿ. ಕಬ್ಬಿನ ಗ್ಯಾಂಗಿಗೆ ಎಷ್ಟು ತಿಂಗಳು ಹೋಗಿತ್ತು ಬರೆಯಿರಿ. ಮನೆಯವರನ್ನು ಕೇಳುವುದು ಮಾತ್ರ ಮರೆಯಬೇಡಿ, ಅದರಲ್ಲೂ ಅಂಗಡಿ ಇಟ್ಟವರನ್ನು.

ಎಡವಿದ ಮಗುವಿಗೆ ಒಡನೆ ಚೀಟಿ ಬರೆಯುವುದೂ ಬೇಡ. ಮನೋವೈದ್ಯರ ಕೈಪಿಡಿಯೇ ಹೇಳುತ್ತದೆ, ಬೇಕಾದ ನೆರವು ಕೊಟ್ಟ ಮೇಲೂ ಆರು ತಿಂಗಳು ತೊಂದರೆ ಉಳಿದಿದ್ದರೆ ಮಾತ್ರ ಅದಕ್ಕೆ ಆ ಹೆಸರು. ಮೊದಲು ನೆರವು. ಬೀಜ, ಕಡ್ಡಿ, ಹತ್ತರ ಕಟ್ಟು, ಮಣಿಸರ, ದಿನಕ್ಕೆ ಕಾಲು ತಾಸು. ಮರಾಠಿ ಶಾಲೆಯ ಕನ್ನಡ ಮಗುವಿಗೆ ‘ಪಂಚ–ವೀಸ’ ಎಂದರೆ ‘ಐದು–ಇಪ್ಪತ್ತು’, ಬರೆಯುವಾಗ ತಿರುಗಿಸು ಎಂದು ಯಾರಾದರೂ ಬಿಡಿಸಿ ಹೇಳಿದರೆ ಎರಡು ವಾರ ಸಾಕು. ನನ್ನ ಪರಿಚಯದ ಹುಡುಗಿಗೆ ಮೂರು ದಿನ ಸಾಕಾಯಿತು. ಈಗ ಅಪ್ಪನಿಗೇ ಪಾಠ ಹೇಳುತ್ತಿದ್ದಾಳೆ. ನೆರವು ಕೊಟ್ಟರೂ ಒಂದೇ ಕಡೆ ನಿಂತ ಮಗು ಯಾವುದು ಎಂಬುದು ಆ ಆರು ತಿಂಗಳಲ್ಲಿ ಸೋಸಿ ಬರುತ್ತದೆ. ಆ ಮಗುವನ್ನು ಮಾತ್ರ ತಜ್ಞರ ಹತ್ತಿರ ಕಳಿಸಬೇಕು. (ಅಬ್ಯಾಕಸ್ ಕ್ಲಾಸಿಗೆ ಕಳಿಸಬೇಡಿ. ಮಣಿ ತಳ್ಳುವ ವೇಗ ಕಲಿಸುವ ಕಡೆ, ಮಣಿ ಎಷ್ಟಿವೆ ಎಂದು ತಿಳಿಯದ ಮಗು ಇನ್ನೊಮ್ಮೆ ಅವಮಾನ ಪಡುತ್ತದೆ. ಫೀ ಬೇರೆ.)

ತಜ್ಞರು ಎಲ್ಲಿದ್ದಾರೆ ಎಂದರೆ ಈ ಸೀಮೆಯವರೆಲ್ಲರ ಬಾಯಲ್ಲಿ ಬರುವ ಊರು ಮಿರಜ. ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಕಾಗವಾಡ, ಕುಡಚಿ, ಅಥಣಿ, ರಾಯಬಾಗದ ಜನಕ್ಕೆ ದವಾಖಾನೆ ಎಂದರೆ ಮಿರಜವೇ. 1962ರಿಂದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಅಲ್ಲಿದೆ. ಮಿರಜದ ದವಾಖಾನೆಗಳ ಪಾಳಿಯಲ್ಲಿ ಕೂತರೆ ಕಿವಿಗೆ ಬೀಳುವುದರಲ್ಲಿ ಬಹುಪಾಲು ಕನ್ನಡ. ಹೊಟ್ಟೆನೋವು ಯಾವ ಭಾಷೆಯಲ್ಲಿ ಹೇಳಿದರೂ ಅಲ್ಲಿನ ವೈದ್ಯರಿಗೆ ತಿಳಿಯುತ್ತದೆ, ನೂರು ವರ್ಷದ ರೂಢಿ. ಲೆಕ್ಕದ ತೊಂದರೆಗೆ ಆ ರೂಢಿ ಇನ್ನೂ ಬಂದಿಲ್ಲ. ಎರಡೂ ರಾಜ್ಯಗಳು ಗಡಿಯ ಹೆಸರಿನಲ್ಲಿ ಬರೆದುಕೊಳ್ಳುವ ಪತ್ರಗಳ ನಡುವೆ ಒಂದನ್ನು ಇದಕ್ಕೂ ಮೀಸಲಿಡಲಿ: ಮಿರಜದಲ್ಲಿ ಮಕ್ಕಳ ಕಲಿಕೆ ಪರೀಕ್ಷಿಸುವ ಮೇಜಿನ ಹಿಂದೆ ಕನ್ನಡ ಬಲ್ಲ ಒಬ್ಬರು ಕೂರಲಿ, ಕನ್ನಡದಲ್ಲಿ ಅಚ್ಚಾದ ಒಂದು ಲೆಕ್ಕದ ಪರೀಕ್ಷೆ ಇರಲಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ.

ಯಾಕೆ ಹೀಗೆ ಹಟ ಹಿಡಿದು ಬರೆಯುತ್ತಿದ್ದೇನೆಂದರೆ, ಆ ಹುಡುಗನನ್ನು ಕರೆದುಕೊಂಡು ಆಯಿ ಮಿರಜದ ಒಂದು ದವಾಖಾನೆಗೆ ಹೋಗಿದ್ದಳು. ಅಂಗಡಿ ಮುಚ್ಚಿ, ನಸುಕಿನಲ್ಲೇ ಬಸ್ಸು ಹಿಡಿದು. ಪರೀಕ್ಷಿಸಿದ ಹುಡುಗಿ ಒಳ್ಳೆಯವಳು, ಸಮಾಧಾನದಿಂದ ಕೇಳಿದಳು, ಮರಾಠಿಯಲ್ಲಿ. ಆಯಿ ಕನ್ನಡ ಮಾಡಿ ಮೊಮ್ಮಗನಿಗೆ ಹೇಳಿದಳು. ನಮ್ಮ ಕಡೆಯ ಹೆಂಗಸರು ಲೆಕ್ಕ ಹೇಳುವಾಗ ಕೈ ಸುಮ್ಮನಿರುವುದಿಲ್ಲ. “ಎಂಟ ದೊಡ್ಡದೋ, ಐದ ದೊಡ್ಡದೋ?” ಎನ್ನುತ್ತ ಎಂಟು ಬೆರಳು ಅಗಲಿಸಿ ತೋರಿಸಿದಳು, ಐದಕ್ಕೆ ಒಂದೇ ಕೈ. ಹುಡುಗ ಎರಡು ಕೈಯ ಕಡೆ ಬೆರಳು ಮಾಡಿದ. ಹತ್ತು ಪ್ರಶ್ನೆಯೂ ಹಾಗೇ ನಡೆದವು. ಕಾಗದದ ಮೇಲೆ ಹತ್ತಕ್ಕೆ ಎಂಟು ಬರೋಬರ ಎಂದು ಬಿತ್ತು. ತೊಂದರೆ ಏನೂ ಇಲ್ಲ, ಮನೆಯಲ್ಲಿ ಲಕ್ಷ್ಯ ಕೊಡಿ ಎಂದು ಕಳಿಸಿದರು.

ಆ ಕಾಗದವನ್ನು ಆಯಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಲ್ಲಾದೊಳಗೆ ಇಟ್ಟಿದ್ದಾಳೆ. ಗಲ್ಲಾದ ಮೇಲೆ ಈಗಲೂ ಮಗಳ ಮಗನೇ ಕೂರುತ್ತಾನೆ.